ಯೂನಿವರ್ಸಿಟಿ ಪೊಲೀಸ್ ಗಸ್ತು ಇರುವ ಏರಿಯಾ ನಿಜವಾಗಲೂ ಸೇಫಾ? ಶಿಕಾಗೋ, ಫಿಲಡೆಲ್ಫಿಯಾ ಕಡೆಯವರು ಹೇಳಿ

ದಾವಣಗೆರೆ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಯೂನಿವರ್ಸಿಟಿ ಆಫ್ ಶಿಕಾಗೋದಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಈಗ ಮನೆ ಹುಡುಕಾಟ ನಡೆದಿದೆ.

ಎರಡು ಮನೆ ನೋಡಿದ್ದೇವೆ. ಒಂದು ಹೈಡ್ ಪಾರ್ಕ್‌ನಲ್ಲಿ, 54ನೇ ಬೀದಿ ಹತ್ತಿರ. ಇನ್ನೊಂದು ವಾಷಿಂಗ್ಟನ್ ಪಾರ್ಕ್ ದಾಟಿ ಆ ಕಡೆ, ಗ್ರೀನ್ ಲೈನ್ ಗಾರ್ಫೀಲ್ಡ್ ಸ್ಟೇಷನ್ ಪಕ್ಕ. ಎರಡನೆಯದರ ಬಾಡಿಗೆ ತುಂಬಾ ಕಡಿಮೆ. ಮೊದಲನೆಯದರ ಜಾಹೀರಾತಿನಲ್ಲಿ ‘ಯೂನಿವರ್ಸಿಟಿ ಪೊಲೀಸ್ ಗಸ್ತಿನ ಒಳಗೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.

ಈ ಯೂನಿವರ್ಸಿಟಿ ಪೊಲೀಸ್ ಅಂದರೆ ನಮ್ಮ ಕಾಲೇಜು ಗೇಟಿನ ವಾಚ್‌ಮನ್ ತರಹವೋ, ನಿಜವಾದ ಪೊಲೀಸೋ? ಕ್ಯಾಂಪಸ್ ಬಿಟ್ಟು ಊರೊಳಗೆ ಅವರಿಗೇನು ಕೆಲಸ? ಗಸ್ತು ಇದೆ ಅನ್ನೋದಕ್ಕೆ ಜಾಸ್ತಿ ಬಾಡಿಗೆ ಕೊಡಬಹುದಾ? ನಮ್ಮ ಮನೆಯವರು ಯೂಟ್ಯೂಬ್‌ನಲ್ಲಿ ಶಿಕಾಗೋ ಸುದ್ದಿ ನೋಡಿ ನೋಡಿ ನಿದ್ದೆ ಬಿಟ್ಟಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

53ನೇ ಬೀದಿ

ಸರ್, ನಾನು ಹೈಡ್ ಪಾರ್ಕ್‌ನಲ್ಲೇ ಇರೋದು. ಯೂನಿವರ್ಸಿಟಿಗೂ ನನಗೂ ಸಂಬಂಧ ಇಲ್ಲ, ಬರೀ ಬಾಡಿಗೆದಾರ.

ಮೊದಲನೆಯದಾಗಿ, ಇವರು ವಾಚ್‌ಮನ್ ಅಲ್ಲ. ಸೊಂಟದಲ್ಲಿ ಗನ್ ಇರುತ್ತದೆ. ಗಾಡಿ ನಿಲ್ಲಿಸಬಹುದು, ಹುಡುಕಾಡಬಹುದು, ಬಂಧಿಸಬಹುದು. ಇಲಿನಾಯ್ ರಾಜ್ಯದ ಕಾನೂನೇ ಖಾಸಗಿ ಕಾಲೇಜುಗಳ ಪೊಲೀಸರಿಗೆ ಈ ಅಧಿಕಾರ ಕೊಟ್ಟಿದೆ. ಸಂಬಳ ಮಾತ್ರ ಯೂನಿವರ್ಸಿಟಿಯದು. ಸುಮಾರು 100 ಜನ ಇದ್ದಾರೆ. ದೇಶದ ದೊಡ್ಡ ಖಾಸಗಿ ಪೊಲೀಸ್ ಪಡೆಗಳಲ್ಲಿ ಇದೂ ಒಂದು.

ಎರಡನೆಯದು ಗಡಿ. ಉತ್ತರಕ್ಕೆ 37ನೇ ಬೀದಿ, ದಕ್ಷಿಣಕ್ಕೆ 64ನೇ ಬೀದಿ. ಪಶ್ಚಿಮಕ್ಕೆ ಕಾಟೇಜ್ ಗ್ರೋವ್, ಪೂರ್ವಕ್ಕೆ ಕೆರೆದಂಡೆಯ ಲೇಕ್ ಶೋರ್ ಡ್ರೈವ್. ಕ್ಯಾಂಪಸ್ ಇದರಲ್ಲಿ ಒಂದು ಚೂರು, ಅಷ್ಟೇ. ಒಳಗೆ ಸುಮಾರು 65,000 ಜನ ವಾಸ ಮಾಡುತ್ತಾರೆ, ಹೆಚ್ಚಿನವರು ಯೂನಿವರ್ಸಿಟಿಯವರಲ್ಲ. ನನ್ನ ಹಾಗೆ ಸುಮ್ನೆ ಅಲ್ಲಿ ಮನೆ ಇರುವವರು. ಊರಿನ ಪೊಲೀಸರೂ ಇಲ್ಲಿ ಬರುತ್ತಾರೆ, ಇವರೂ ಬರುತ್ತಾರೆ. ಕೊಲೆಯಂಥ ದೊಡ್ಡ ಕೇಸಿನ ತನಿಖೆ ಶಿಕಾಗೋ ಪೊಲೀಸರದ್ದೇ.

ನಿಮ್ಮ ಎರಡನೇ ಮನೆ ಕಾಟೇಜ್ ಗ್ರೋವ್‌ನಿಂದ ಪಶ್ಚಿಮಕ್ಕೆ ಇದೆ. ಅಂದರೆ ಗಡಿಯ ಹೊರಗೆ. ಕಾಟೇಜ್ ಗ್ರೋವ್‌ನಲ್ಲಿ ರಾತ್ರಿ ನಿಂತು ನೋಡಿದರೆ ಗೊತ್ತಾಗುತ್ತದೆ. ಪೂರ್ವದ ಬದಿ ಯೂನಿವರ್ಸಿಟಿ ಆಸ್ಪತ್ರೆ, ಪಾರ್ಕಿಂಗ್ ಕಟ್ಟಡ, ಎಲ್ಲಾ ಲೈಟು. ಮೂಲೆಯಲ್ಲಿ ಹೊಳೆಯುವ ಜಾಕೆಟ್ ಹಾಕಿದ ಸೆಕ್ಯೂರಿಟಿಯವನು ಕೈ ಉಜ್ಜಿಕೊಳ್ಳುತ್ತಾ ನಿಂತಿರುತ್ತಾನೆ. ರಸ್ತೆ ದಾಟಿದರೆ ಪಾರ್ಕಿನ ಕತ್ತಲು. ಆ ಕತ್ತಲು ದಾಟಿದ ಮೇಲೆ ಗಾರ್ಫೀಲ್ಡ್ ಸ್ಟೇಷನ್. 55ನೇ ನಂಬರ್ ಬಸ್ಸು ಸೀದಾ ಬರುತ್ತದೆ ನಿಜ, ಆದರೆ ರಾತ್ರಿ ಬಸ್ಸಿಗೆ ಕಾಯೋದು ಗಡಿಯ ಹೊರಗೇ.

ಆ ಕಡೆ ಇರೋರೆಲ್ಲಾ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಮನೆ ಮಠ ಕಟ್ಟಿಕೊಂಡು ತಲೆಮಾರುಗಳಿಂದ ಇರುವ ಕುಟುಂಬಗಳಿವೆ. ಅವರಿಗೂ ಲೈಟು ಬೇಕು, ಅವರ ಬೀದಿಯ ಮೂಲೆಗೂ ಜಾಕೆಟ್‌ನವನು ಬೇಕು. ಅವನು ಯಾವ ಮೂಲೆಯಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋದು ಯೂನಿವರ್ಸಿಟಿ. ಇದೊಂದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಸುಮ್ನೆ ಓದುಗ

ಗಸ್ತು ಗಸ್ತು ಅಂತೀರಲ್ಲ, 2021ರಲ್ಲಿ ಏನಾಯ್ತು ಅದನ್ನೂ ಹೇಳಿ. ನವೆಂಬರ್ 9, ಮಟಮಟ ಮಧ್ಯಾಹ್ನ. ಅದೇ ವರ್ಷ ಅಲ್ಲೇ ಮಾಸ್ಟರ್ಸ್ ಮುಗಿಸಿದ್ದ 24 ವರ್ಷದ ಚೀನಾದ ಹುಡುಗನನ್ನು ದರೋಡೆ ಮಾಡಲು ಬಂದವನು ಗುಂಡಿಟ್ಟು ಕೊಂದ. ಜಾಗ 54ನೇ ಪ್ಲೇಸ್. ಇವರು ಹೇಳುವ ಗಡಿಯ ಒಳಗೇ. ಕದ್ದ ಸಾಮಾನು 100 ಡಾಲರಿಗೆ ಮಾರಿದ ಅಂತ ಕೋರ್ಟಿನಲ್ಲಿ ಬಂತು. ಅಷ್ಟು ಪೊಲೀಸರಿದ್ದು ಏನು ಮಾಡಿದರು?

ದಾವಣಗೆರೆ ಅಪ್ಪ

ಇದನ್ನು ಓದಿ ಎದೆ ಝಲ್ಲೆಂದಿತು. ನಾವು ನೋಡಿದ ಮನೆಯೂ ಅದೇ ಕಡೆ ಅಲ್ವಾ?

53ನೇ ಬೀದಿ

ಸರ್, ಹೆದರಬೇಡಿ. ಓದುಗರು ಹೇಳಿದ್ದು ನಿಜ. ಅದಕ್ಕಿಂತ ಸ್ವಲ್ಪ ಮುಂಚೆ, ಜುಲೈನಲ್ಲಿ, ಗ್ರೀನ್ ಲೈನ್ ರೈಲಿನಲ್ಲಿ ಕೂತಿದ್ದ ಇನ್ನೊಬ್ಬ ವಿದ್ಯಾರ್ಥಿಗೆ ಎಲ್ಲಿಂದಲೋ ಬಂದ ಗುಂಡು ತಗುಲಿ ಸತ್ತ. ಆ ವರ್ಷ ಇಲ್ಲಿ ಎಲ್ಲರೂ ಬಾಗಿಲು ಎರಡೆರಡು ಸಲ ನೋಡುತ್ತಿದ್ದರು.

ಆಮೇಲೆ ಏನಾಯ್ತು ಅನ್ನೋದು ಈ ಚರ್ಚೆಗೆ ಮುಖ್ಯ. ಚೀನಾದ ವಿದ್ಯಾರ್ಥಿಗಳು ನೂರಾರು ಜನ ಸೇರಿ ಕ್ಯಾಂಪಸ್ಸಿನಲ್ಲಿ ಸಭೆ ಮಾಡಿದರು. ನಮಗೆ ರಕ್ಷಣೆ ಕೊಡಿ ಅಂದರು. ಯೂನಿವರ್ಸಿಟಿ ಶಿಕಾಗೋ ಪೊಲೀಸರ ಜೊತೆ ಮಾತಾಡಿ ಗಸ್ತು ಹೆಚ್ಚಿಸಿತು, ಕ್ಯಾಮೆರಾ ಹೆಚ್ಚಿಸಿತು. ಆದರೆ ಅದಕ್ಕೆ ಒಂದು ವರ್ಷ ಮುಂಚೆ, 2020ರ ಜೂನ್‌ನಲ್ಲಿ, ಅದೇ ಯೂನಿವರ್ಸಿಟಿಯ ಬೇರೆ ವಿದ್ಯಾರ್ಥಿಗಳು ಈ ಪೊಲೀಸ್ ಪಡೆಯನ್ನೇ ಮುಚ್ಚಿ ಅಂತ ಅವರ ಠಾಣೆಯೊಳಗೆ ಧರಣಿ ಕೂತಿದ್ದರು. ‘ಕೇರ್ ನಾಟ್ ಕಾಪ್ಸ್’ ಅಂತ ಆ ಗುಂಪಿನ ಹೆಸರು. ಎರಡೂ ಕಡೆಯವರು ಒಂದೇ ಲೈಬ್ರರಿಯಲ್ಲಿ ಅಕ್ಕಪಕ್ಕ ಕೂತು ಓದುವವರು. ಹೆದರಿಕೆ ಎರಡೂ ಕಡೆ ನಿಜವಾದದ್ದೇ, ಕಾರಣ ಮಾತ್ರ ಬೇರೆ.

ಇನ್ನು ಪೊಲೀಸರು ಏನು ಮಾಡಿದರು ಅನ್ನೋ ಪ್ರಶ್ನೆ. ಒಂದು ಘಟನೆ ಇಟ್ಟುಕೊಂಡು ಗಸ್ತು ಕೆಲಸಕ್ಕೆ ಬರಲ್ಲ ಅನ್ನೋಕೂ ಆಗಲ್ಲ, ಬರುತ್ತದೆ ಅನ್ನೋಕೂ ಆಗಲ್ಲ. ಅದಕ್ಕೆ ಲೆಕ್ಕ ಬೇಕು. ಮೇಷ್ಟ್ರೇ, ಇದೀರಾ?

ಲೆಕ್ಕದ ಮೇಷ್ಟ್ರು

ಇದೀನಿ. ಈ ವಿಷಯದ ಮೇಲೆ ಎರಡು ಒಳ್ಳೆಯ ಅಧ್ಯಯನ ಇವೆ. ಎರಡೂ ಬೇರೆ ಬೇರೆ ಉತ್ತರ ಕೊಡುವ ಹಾಗೆ ಕಾಣುತ್ತವೆ. ಅಲ್ಲೇ ಮಜಾ ಇರೋದು.

ಮೊದಲನೆಯದು ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾದ್ದು. ಎಲ್ಲರೂ ಪೆನ್ ಅನ್ನುತ್ತಾರೆ. ಜಾನ್ ಮ್ಯಾಕ್‌ಡೊನಾಲ್ಡ್, ಜೊನಾಥನ್ ಕ್ಲಿಕ್, ಬೆನ್ ಗ್ರುನ್‌ವಾಲ್ಡ್ ಅಂತ ಮೂವರು ಮಾಡಿದ್ದು. ಅವರ ಉಪಾಯ ಸರಳ. ಪೊಲೀಸ್ ಜಾಸ್ತಿ ಇರೋ ಊರು, ಕಡಿಮೆ ಇರೋ ಊರು ಅಂತ ಹೋಲಿಸಿದರೆ ಏನೂ ಗೊತ್ತಾಗಲ್ಲ. ಅಪರಾಧ ಜಾಸ್ತಿ ಇರುವ ಕಡೆಗೇ ಜಾಸ್ತಿ ಪೊಲೀಸರನ್ನು ಹಾಕಿರುತ್ತಾರಲ್ಲ. ಅದಕ್ಕೆ ಇವರು ಪೆನ್ ಪೊಲೀಸ್ ಗಡಿಯ ಎರಡೂ ಬದಿಯ ಬ್ಲಾಕುಗಳನ್ನು (ಇಲ್ಲಿ ಬ್ಲಾಕು ಅಂದರೆ ಎರಡು ಅಡ್ಡರಸ್ತೆಗಳ ನಡುವಿನ ತುಂಡು) ನೋಡಿದರು. ಗೆರೆಯ ಈಚೆ ಒಂದು ಬ್ಲಾಕು, ಆಚೆ ಒಂದು ಬ್ಲಾಕು. ಅದೇ ತರಹದ ಮನೆ, ಅದೇ ತರಹದ ಜನ, ಅದೇ ಟ್ರಾಮು. ವ್ಯತ್ಯಾಸ ಇರೋದು ಮುಖ್ಯವಾಗಿ ಪೊಲೀಸ್ ಸಂಖ್ಯೆಯಲ್ಲಿ. ಅವರ ಅಂದಾಜಿನ ಪ್ರಕಾರ ಒಳಗಿನ ಬದಿಯಲ್ಲಿ ಅಪರಾಧ ಶೇ. 45ರಿಂದ 60ರಷ್ಟು ಕಡಿಮೆ.

ಎರಡನೆಯದು ಶಿಕಾಗೋದ್ದೇ. ಯೂನಿವರ್ಸಿಟಿ ತನ್ನ ಗಸ್ತಿನ ಗಡಿಯನ್ನು ಹಿಗ್ಗಿಸಿದಾಗ ಏನಾಯ್ತು ಅಂತ ನೋಡಿದರು. ಹಿಗ್ಗಿಸಿದ ಕೂಡಲೇ ಏನೂ ಆಗಲಿಲ್ಲ. ಅಪರಾಧ ಇದ್ದಷ್ಟೇ ಇತ್ತು. ಆದರೆ ಗೆರೆಯ ಈಚೆ ಆಚೆ ಹೋಲಿಸಿದಾಗ ಒಳಗೆ ದೊಡ್ಡ ಇಳಿಕೆ ಕಂಡಿತು. ಅದರಲ್ಲೂ ಹೊಡೆದಾಟ, ದರೋಡೆಯಂಥ ಹಿಂಸೆಯ ಅಪರಾಧದಲ್ಲಿ. ಗಸ್ತಿನ ಪರಿಣಾಮ ನಿಧಾನಕ್ಕೆ ಬರುತ್ತದೆ ಅನ್ನೋದು ಅವರ ತೀರ್ಮಾನ.

ಈ ನಿಧಾನ ಅನ್ನೋದನ್ನು ಜನ ಮರೆಯುತ್ತಾರೆ. ಒಂದು ಕೊಲೆ ಆಯ್ತು, ಗಾಡಿ ಹೆಚ್ಚಾಯ್ತು, ಮುಂದಿನ ತಿಂಗಳು ಲೆಕ್ಕ ಕೇಳುತ್ತಾರೆ. ಪೊಲೀಸರು ಬೀದಿ ಕಲಿಯಬೇಕು, ಬೀದಿ ಅವರನ್ನು ಕಲಿಯಬೇಕು.

ಸುಮ್ನೆ ಓದುಗ

ಮ್ಯಾಕ್‌ಡೊನಾಲ್ಡ್, ಕ್ಲಿಕ್ ಇಬ್ಬರೂ ಪೆನ್‌ನಲ್ಲೇ ಮೇಷ್ಟ್ರು. ಪೆನ್ ಸಂಬಳ ತಿಂದು ಪೆನ್ ಪೊಲೀಸ್ ಒಳ್ಳೆಯವರು ಅಂತ ಬರೆದರೆ ನಂಬಬೇಕಾ?

ಲೆಕ್ಕದ ಮೇಷ್ಟ್ರು

ಕೇಳಲೇಬೇಕಾದ ಪ್ರಶ್ನೆ. ಆದರೆ ಬೇರೆಯವರು ಪರಿಶೀಲಿಸಿದ ಮೇಲೆ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಪ್ರಕಟವಾದದ್ದು. ನನಗೆ ತಕರಾರು ಬೇರೆ ಕಡೆ ಇದೆ. ಗೆರೆಯ ಹತ್ತಿರದ ಬ್ಲಾಕಿಗೆ ಸರಿಹೊಂದಿದ್ದು ಗೆರೆಯಿಂದ ದೂರ ಇರುವ ಬ್ಲಾಕಿಗೂ ಸರಿಹೊಂದಬೇಕು ಅಂತ ಇಲ್ಲ. ಇನ್ನೊಂದು, ಅದು ಅಪರಾಧ ಎಷ್ಟು ಕಡಿಮೆ ಆಯ್ತು ಅಂತ ಮಾತ್ರ ಎಣಿಸುತ್ತದೆ. ಎಷ್ಟು ಜನರನ್ನು ಸುಮ್ಮಸುಮ್ಮನೆ ನಿಲ್ಲಿಸಿದರು ಅನ್ನೋ ಕಾಲಂ ಆ ಟೇಬಲ್‌ನಲ್ಲಿ ಇಲ್ಲ.

ವೆಸ್ಟ್ ಫಿಲ್ಲಿ ಅಕ್ಕ

ನಾನು ಬಾಲ್ಟಿಮೋರ್ ಅವೆನ್ಯೂ ಹತ್ತಿರ ಇರೋದು. ಮೇಷ್ಟ್ರು ಹೇಳಿದ ಗೆರೆ ನಮ್ಮ ಮನೆ ಹತ್ತಿರದ 43ನೇ ಬೀದಿ. ಅಲ್ಲಿವರೆಗೆ ಪೆನ್ ಪೊಲೀಸ್. ಆಮೇಲೆ 50ನೇ ಬೀದಿವರೆಗೆ ಯೂನಿವರ್ಸಿಟಿ ಸಿಟಿ ಡಿಸ್ಟ್ರಿಕ್ಟ್ ಅನ್ನೋ ಸಂಸ್ಥೆಯವರು ಸೈಕಲ್ ಮೇಲೆ, ನಡೆದುಕೊಂಡು ಓಡಾಡುತ್ತಾರೆ. ಅವರ ಹತ್ತಿರ ಗನ್ ಇಲ್ಲ, ರೇಡಿಯೋ ಇದೆ. ರಾತ್ರಿ ಕರೆದರೆ ಜೊತೆಗೆ ನಡೆದು ಬರುತ್ತಾರೆ.

ಇದೆಲ್ಲ ಶುರುವಾದದ್ದು 1996ರಲ್ಲಿ. ಆ ಬೇಸಿಗೆ ಮುಗಿದ ಮೇಲೆ ಕ್ಯಾಂಪಸ್ ಸುತ್ತ ದರೋಡೆ ಮೇಲೆ ದರೋಡೆ. ಅಕ್ಟೋಬರ್ 31ರ ರಾತ್ರಿ ಪೆನ್‌ನ ಒಬ್ಬ ಸಂಶೋಧಕರನ್ನು ಮನೆ ಹತ್ತಿರವೇ ಚಾಕುವಿನಿಂದ ತಿವಿದು ಕೊಂದರು. ಜೂಡಿತ್ ರೋಡಿನ್ ಆಗ ಪೆನ್ ಅಧ್ಯಕ್ಷೆ. ಪೊಲೀಸರನ್ನು ಹೆಚ್ಚಿಸಿದ್ದು ನಿಜ. ಆದರೆ ಅದರ ಜೊತೆಗೆ ಮನೆ ಜಗುಲಿಗಳಿಗೆ, ಬೀದಿಗೆ ಲೈಟು ಹಾಕಿಸಿದರು. 1997ರಲ್ಲಿ ಯೂನಿವರ್ಸಿಟಿ ಸಿಟಿ ಡಿಸ್ಟ್ರಿಕ್ಟ್ ಹುಟ್ಟಿತು, ಕಸ ಗುಡಿಸೋಕೆ ಜನ ಬಂದರು. ಈ ಏರಿಯಾದಲ್ಲಿ ಮನೆ ಕೊಳ್ಳುವ ನೌಕರರಿಗೆ ಸಹಾಯಧನ ಕೊಟ್ಟರು. 2001ರಲ್ಲಿ ಪೆನ್ ಅಲೆಕ್ಸಾಂಡರ್ ಅಂತ ಸರ್ಕಾರಿ ಶಾಲೆ ತೆರೆಯಿತು, ಅದಕ್ಕೆ ಪೆನ್ ಪ್ರತಿ ಮಗುವಿನ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ.

ಹಾಗಾಗಿ ಪೊಲೀಸರಿಂದಲೇ ಎಲ್ಲ ಸರಿಹೋಯ್ತು ಅಂದರೆ ನಾನು ಒಪ್ಪಲ್ಲ. ಶಾಲೆ ಬಂದ ಮೇಲೆ ಆ ಶಾಲೆಗೆ ಮಕ್ಕಳನ್ನು ಸೇರಿಸಲು ಅರ್ಹತೆ ಇರುವ ಬೀದಿಗಳಲ್ಲಿ ಮನೆ ಬೆಲೆ ಆಕಾಶಕ್ಕೆ ಹೋಯ್ತು. ಪಕ್ಕದ ಮನೆಯ ಕರಿಯ ಅಜ್ಜಿಯೊಬ್ಬರು ಹೇಳುತ್ತಿದ್ದರು, ಬೀದಿಯೇನೋ ಸೇಫ್ ಆಯ್ತು ಮಗಳೇ, ಆದರೆ ನಮ್ಮವರೇ ಯಾರೂ ಉಳಿದಿಲ್ಲ ಅಂತ. ಅಪರಾಧ ಕಡಿಮೆಯಾಗಿದ್ದು ಯಾರಿಗೆ ಅಂತಲೂ ಕೇಳಬೇಕಲ್ವಾ?

ದಾವಣಗೆರೆ ಸರ್, ನಿಮ್ಮ ಮಗಳಿಗೆ ಒಂದೇ ಮಾತು. ಕರೆದರೆ ಬರುವ ವ್ಯವಸ್ಥೆಯನ್ನು ಸಂಕೋಚ ಇಲ್ಲದೆ ಬಳಸಲಿ. ನಮ್ಮ ಹುಡುಗಿಯರು ‘ಅಯ್ಯೋ, ಎರಡು ಬ್ಲಾಕಿಗೆ ಯಾಕೆ ತೊಂದರೆ ಕೊಡೋದು’ ಅಂತ ನಡೆದೇ ಹೋಗುತ್ತಾರೆ.

ಹೆಸರು ಬೇಡ

ಯಾವ ಊರು, ಯಾವ ಯೂನಿವರ್ಸಿಟಿ ಅಂತ ಹೇಳಲ್ಲ. ಶಿಕಾಗೋ ಅಲ್ಲ, ಫಿಲಡೆಲ್ಫಿಯಾನೂ ಅಲ್ಲ.

ನಾನೂ ನನ್ನ ರೂಮ್‌ಮೇಟೂ ರಾತ್ರಿ ಲ್ಯಾಬಿನಿಂದ ನಡೆದು ಬರುತ್ತಿದ್ದೆವು. ಅವನು ಅಲ್ಲಿಯದೇ ಕರಿಯ ಹುಡುಗ, ಪಿಎಚ್‌ಡಿ ವಿದ್ಯಾರ್ಥಿ. ಮನೆಗೆ ಇನ್ನೊಂದು ಬ್ಲಾಕು ಇತ್ತು. ಕ್ಯಾಂಪಸ್ ಪೊಲೀಸ್ ಗಾಡಿ ಪಕ್ಕಕ್ಕೆ ಬಂದು ನಿಂತಿತು. ಗಾಜು ಇಳಿಯುವ ಮುಂಚೆಯೇ ಇವನು ಹೂಡಿ (ಟೋಪಿ ಇರುವ ಸ್ವೆಟರ್) ಜೇಬಿನಿಂದ ಎರಡೂ ಕೈ ತೆಗೆದು ಹೊರಗಿಟ್ಟ. ಯಾರೂ ಹೇಳಿರಲಿಲ್ಲ. ನನ್ನ ಕೈ ಜೇಬಲ್ಲೇ ಇತ್ತು, ಚಳಿ. ಅವನ ಐಡಿ ಕೇಳಿದರು, ಹೆಸರು ರೇಡಿಯೋದಲ್ಲಿ ಓದಿದರು, ಎಲ್ಲಿಗೆ ಹೋಗ್ತಿದೀಯ ಅಂದರು. ನನ್ನನ್ನು ಏನೂ ಕೇಳಲಿಲ್ಲ. ಮಾತೆಲ್ಲ ಮರ್ಯಾದೆಯಾಗೇ ಇತ್ತು. ‘ಹ್ಯಾವ್ ಎ ಗುಡ್ ನೈಟ್’ ಅಂದು ಹೋದರು.

ಮನೆಗೆ ಬಂದು ಅವನು ಅನ್ನಕ್ಕಿಟ್ಟ. ನಾನು ದೂರು ಕೊಡೋಣ ಅಂದೆ. ಏನಂತ ಕೊಡೋದು, ಗುಡ್ ನೈಟ್ ಹೇಳಿದರು ಅಂತಲಾ ಅಂದ.

ಗಸ್ತಿನಿಂದ ನನಗೆ ಧೈರ್ಯ ಬಂದಿರೋದು ಸುಳ್ಳಲ್ಲ. ಅವನಿಗೆ ಆ ಧೈರ್ಯ ಬರಲಿಲ್ಲ, ಅಷ್ಟೇ.

ದಾವಣಗೆರೆ ಅಪ್ಪ

ನಮ್ಮ ಕಡೆ ಕಾಲೇಜಿನ ಸೆಕ್ಯೂರಿಟಿ ಅಂದರೆ ಗೇಟಿನಲ್ಲಿ ಬುಕ್ಕಿನಲ್ಲಿ ಹೆಸರು ಬರೆಸಿಕೊಳ್ಳೋದು. ಜಾಸ್ತಿ ಅಂದರೆ ಸೀಟಿ ಊದಿ ಬೈಕ್ ನಿಲ್ಲಿಸೋದು. ಏನಾದರೂ ಆದರೆ ಪಕ್ಕದ ಠಾಣೆಗೇ ಫೋನು. ಒಂದು ವಿದ್ಯಾಸಂಸ್ಥೆ ಸ್ವಂತ ಪೊಲೀಸ್ ಇಟ್ಟುಕೊಂಡು ಊರಿನ ರಸ್ತೆಯಲ್ಲಿ ಜನರನ್ನು ಬಂಧಿಸಬಹುದು ಅನ್ನೋದೇ ನನಗೆ ಹೊಸ ವಿಷಯ. ಇವರು ತಪ್ಪು ಮಾಡಿದರೆ ಕೇಳೋರು ಯಾರು? ಆರ್‌ಟಿಐ ತರಹ ಏನಾದರೂ ಇದೆಯಾ?

53ನೇ ಬೀದಿ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಸರ್.

ಊರಿನ ಪೊಲೀಸ್ ದಾಖಲೆ ಬೇಕು ಅಂದರೆ ಇಲ್ಲಿ ಮಾಹಿತಿ ಹಕ್ಕಿನ ಕಾನೂನು ಇದೆ, ನಮ್ಮ ಆರ್‌ಟಿಐ ಹಾಗೆ. ಖಾಸಗಿ ಯೂನಿವರ್ಸಿಟಿ ಪೊಲೀಸ್ ಆ ಕಾನೂನಿನ ಕೆಳಗೆ ಬರಲ್ಲ. ಕೆಲಸ ಸರ್ಕಾರದ್ದು, ಕಾಗದ ಪತ್ರ ಕಂಪನಿಯದು ಅನ್ನೋ ಹಾಗೆ. ಇದನ್ನು ಬದಲಾಯಿಸೋಕೆ 2015ರಲ್ಲಿ ಇಲಿನಾಯ್ ವಿಧಾನಸಭೆಯ ಕೆಳಮನೆಯಲ್ಲಿ ಮಸೂದೆ ಪಾಸ್ ಕೂಡ ಆಯ್ತು. ಸೆನೆಟ್‌ನಲ್ಲಿ ನಿಂತುಹೋಯ್ತು. ಅದೇ ವರ್ಷ ಯೂನಿವರ್ಸಿಟಿ ತಾನಾಗೇ ಗಾಡಿ ತಡೆದದ್ದು, ಬೀದಿಯಲ್ಲಿ ನಿಲ್ಲಿಸಿ ವಿಚಾರಿಸಿದ್ದು ಇವೆಲ್ಲದರ ಪಟ್ಟಿ ವೆಬ್‌ಸೈಟಿನಲ್ಲಿ ಹಾಕಲು ಶುರು ಮಾಡಿತು. ಪಟ್ಟಿ ಬಂದ ಮೇಲೆ ಎಲ್ಲರಿಗೂ ಕಂಡದ್ದು ಏನಪ್ಪಾ ಅಂದರೆ, ನಿಲ್ಲಿಸಿ ಕೇಳಿದವರಲ್ಲಿ ಕರಿಯರ ಪಾಲು ಇಲ್ಲಿನ ಜನಸಂಖ್ಯೆಯಲ್ಲಿ ಅವರ ಪಾಲಿಗಿಂತ ತುಂಬಾ ಜಾಸ್ತಿ. ಮೇಲೆ ಒಬ್ಬರು ಬರೆದರಲ್ಲ, ಅನ್ನಕ್ಕಿಟ್ಟ ಹುಡುಗ, ಅದೇ ಕಥೆ ಇಲ್ಲಿ ಅಂಕಿಯಲ್ಲಿ.

ತಾನಾಗೇ ಕೊಟ್ಟದ್ದನ್ನು ತಾನಾಗೇ ನಿಲ್ಲಿಸಲೂಬಹುದು. ನನ್ನ ತಕರಾರು ಅಷ್ಟೇ. ಗಸ್ತು ಬೇಡ ಅಂತ ಹೇಳುವವನಲ್ಲ ನಾನು. ಶಿಕಾಗೋ ಪೊಲೀಸರು 2012ರಲ್ಲಿ 21ನೇ ಡಿಸ್ಟ್ರಿಕ್ಟ್ ಮುಚ್ಚಿದ ಮೇಲೆ ಹೈಡ್ ಪಾರ್ಕ್ ಎರಡನೇ ಡಿಸ್ಟ್ರಿಕ್ಟ್‌ಗೆ ಸೇರಿತು. ಅದರ ಠಾಣೆ ಇರೋದು 51ನೇ ಬೀದಿಯ ವೆಂಟ್‌ವರ್ತ್‌ನಲ್ಲಿ, ಡ್ಯಾನ್ ರಯಾನ್ ಹೈವೇ ಹತ್ತಿರ. ಕೆರೆದಂಡೆಯಿಂದ ಎಷ್ಟು ದೂರ ಅಂತ ನಕ್ಷೆ ನೋಡಿ. ಯೂನಿವರ್ಸಿಟಿ ಪೊಲೀಸ್ ಠಾಣೆ 61ನೇ ಬೀದಿ ಪಕ್ಕದಲ್ಲೇ ಇದೆ. ರಾತ್ರಿ ಯಾರೋ ಬಾಗಿಲು ಒಡೆಯುತ್ತಿದ್ದರೆ ನಾನೂ ಮೊದಲು ಅವರಿಗೇ ಫೋನ್ ಮಾಡುತ್ತೇನೆ. ಆದರೆ ನಾನು ಅವರ ಮೇಯರ್‌ಗೆ ವೋಟು ಹಾಕೋಕಾಗಲ್ಲ. ಅವರಿಗೆ ಮೇಯರೇ ಇಲ್ಲ, ಟ್ರಸ್ಟಿಗಳ ಮಂಡಳಿ ಇದೆ.

ಓಹಾಯೊ ಹುಬ್ಬಳ್ಳಿ

ಕ್ಯಾಂಪಸ್ ಹೊರಗೆ ಗಸ್ತು ಕೆಟ್ಟರೆ ಏನಾಗುತ್ತದೆ ಅಂತ ನಮ್ಮ ಸಿನ್ಸಿನಾಟಿ ನೋಡ್ರಿ.

ಇಲ್ಲಿಯದು ಸರ್ಕಾರಿ ಯೂನಿವರ್ಸಿಟಿ. ಸುತ್ತ ದರೋಡೆ ಜಾಸ್ತಿ ಅಂತ ಊರಿನ ಜೊತೆ ಒಪ್ಪಂದ ಮಾಡಿಕೊಂಡು ಕ್ಯಾಂಪಸ್ ಪೊಲೀಸರನ್ನು ಬೀದಿಗೆ ಬಿಟ್ಟರು. ಅವರು ದರೋಡೆಕೋರರನ್ನು ಹಿಡಿಯೋದಕ್ಕಿಂತ ಕಾರು ನಿಲ್ಲಿಸೋದೇ ಜಾಸ್ತಿ ಆಯ್ತು. 2015ರ ಜುಲೈ 19ರಂದು ಮುಂದಿನ ನಂಬರ್ ಪ್ಲೇಟ್ ಇಲ್ಲ ಅಂತ ಒಂದು ಕಾರು ನಿಲ್ಲಿಸಿದರು. ಓಡಿಸುತ್ತಿದ್ದವರು 43 ವರ್ಷದ ಕರಿಯ ವ್ಯಕ್ತಿ, ಕೈಯಲ್ಲಿ ಏನೂ ಆಯುಧ ಇಲ್ಲ. ಎರಡು ನಿಮಿಷ ಮಾತು, ಆಮೇಲೆ ತಲೆಗೆ ಗುಂಡು. ಕಾರು ನನ್ನನ್ನು ಎಳೆದುಕೊಂಡು ಹೋಯ್ತು ಅಂತ ಆಫೀಸರ್ ಹೇಳಿದ. ಎದೆಯ ಮೇಲಿದ್ದ ಕ್ಯಾಮೆರಾದಲ್ಲಿ ಬೇರೆಯೇ ಕಂಡಿತು. ಎರಡು ಸಲ ವಿಚಾರಣೆ ನಡೆದರೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2017ರಲ್ಲಿ ಕೇಸು ಕೈಬಿಟ್ಟರು. ಯೂನಿವರ್ಸಿಟಿ ಆ ಕುಟುಂಬಕ್ಕೆ 48.5 ಲಕ್ಷ ಡಾಲರ್ ಕೊಟ್ಟಿತು, 12 ಮಕ್ಕಳಿಗೆ ಉಚಿತ ಓದು ಅಂತ ಬರೆದುಕೊಟ್ಟಿತು.

ಆಮೇಲೆ ಕ್ಯಾಂಪಸ್ ಹೊರಗೆ ಕಾರು ತಡೆಯೋದು ನಿಲ್ಲಿಸಿದರು. ದರೋಡೆ ತಡೆಯೋಕೆ ಅಂತ ಬಂದವರು ನಂಬರ್ ಪ್ಲೇಟ್ ಯಾಕೆ ನೋಡಬೇಕಿತ್ತು? ನನಗೆ ಇವತ್ತಿಗೂ ತಿಳಿದಿಲ್ರಿ.

ಲೆಕ್ಕದ ಮೇಷ್ಟ್ರು

ಹುಬ್ಬಳ್ಳಿಯವರು ಹೇಳಿದ್ದು ಬಹಳ ಮುಖ್ಯ. ಗಸ್ತು ಅಂದರೆ ಒಂದೇ ವಸ್ತು ಅಲ್ಲ. ಗಾಡಿಯಲ್ಲಿ ನಿಧಾನಕ್ಕೆ ಸುತ್ತೋದು ಒಂದು. ಮೂಲೆಯಲ್ಲಿ ಕಾಣುವ ಹಾಗೆ ನಿಂತಿರೋದು ಇನ್ನೊಂದು. ಕಾರು ತಡೆಯೋದು, ಜೇಬು ನೋಡೋದು ಮತ್ತೊಂದು. ಕಳ್ಳ ಹಿಂದೆ ಸರಿಯೋಕೆ ಪೊಲೀಸ್ ಇದ್ದಾನೆ ಅಂತ ಕಂಡರೆ ಸಾಕು. ಅದಕ್ಕೆ ಹತ್ತು ಜನರ ಐಡಿ ಕೇಳಬೇಕಾಗಿಲ್ಲ. ಗೆರೆ ಅಧ್ಯಯನಗಳು ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿವೆ. ಯಾವುದರಿಂದ ಇಳಿಯಿತು ಅಂತ ಬಿಡಿಸಿ ಹೇಳಲ್ಲ.

ಸುಮ್ನೆ ಓದುಗ

ಒಪ್ಪಿದೆ. ಆದರೂ ಒಂದು ಮಾತು. ಲಾಭರಹಿತ ಸಂಸ್ಥೆ ಅಂತ ಪೆನ್ ತನ್ನ ಕ್ಯಾಂಪಸ್ಸಿಗೆ ಆಸ್ತಿ ತೆರಿಗೆ ಕಟ್ಟಲ್ಲ. ಆ ತೆರಿಗೆಯಿಂದಲೇ ಅಲ್ವಾ ಊರಿನ ಶಾಲೆ ನಡೆಯೋದು? ಆ ದುಡ್ಡು ಉಳಿಸಿ ತನ್ನ ಸುತ್ತ ಮಾತ್ರ ಪೊಲೀಸ್ ಹಾಕಿಕೊಂಡರೆ ಆಚೆ ಬೀದಿಯವರು ಏನು ಮಾಡಬೇಕು?

ವೆಸ್ಟ್ ಫಿಲ್ಲಿ ಅಕ್ಕ

ಇಲ್ಲೂ ಅದೇ ಜಗಳ, ವರ್ಷಗಟ್ಟಲೆ. 2020ರ ನವೆಂಬರ್‌ನಲ್ಲಿ ಪೆನ್ ಹತ್ತು ವರ್ಷಕ್ಕೆ 10 ಕೋಟಿ ಡಾಲರ್ ಊರಿನ ಶಾಲೆಗಳಿಗೆ ಕೊಡ್ತೀವಿ ಅಂತು. ಶಾಲೆ ಗೋಡೆಗಳಲ್ಲಿರೋ ಸೀಸ, ಕಲ್ನಾರು ತೆಗೆಸೋಕೆ. ತೆರಿಗೆ ಅಂತ ಅಲ್ಲ, ದಾನ ಅಂತ. ಗಸ್ತಿನ ಮಾತಿಗೂ ಇದಕ್ಕೂ ಸಂಬಂಧ ಇಲ್ಲ ಅನ್ನಬೇಡಿ. ಶಾಲೆ ನೆಟ್ಟಗಿದ್ದರೆ ಬೀದಿ ಮೂಲೆಯಲ್ಲಿ ಹುಡುಗರು ನಿಲ್ಲೋದು ಎಷ್ಟೋ ಕಡಿಮೆಯಾಗುತ್ತದೆ.

ನೈಟ್ ಶಿಫ್ಟ್

ಶಿಕಾಗೋದಲ್ಲಿ ನರ್ಸ್ ನಾನು. ನೀವೆಲ್ಲ ಗುಂಡು ಬೀಳದ ಹಾಗೆ ನೋಡಿಕೊಳ್ಳೋದು ಹೇಗೆ ಅಂತ ಮಾತಾಡ್ತಿದ್ದೀರ. ಬಿದ್ದ ಮೇಲಿನದು ನಾನು ಹೇಳುತ್ತೇನೆ.

ಹೈಡ್ ಪಾರ್ಕ್‌ನ ಯೂನಿವರ್ಸಿಟಿ ಆಸ್ಪತ್ರೆ 1988ರಲ್ಲಿ ದೊಡ್ಡವರ ಟ್ರಾಮಾ ಸೆಂಟರ್ (ಗುಂಡೇಟಿನಂಥ ದೊಡ್ಡ ಗಾಯಕ್ಕೆ ತುರ್ತು ಚಿಕಿತ್ಸೆ ಕೊಡುವ ವಿಭಾಗ) ಮುಚ್ಚಿತ್ತು. 2010ರಲ್ಲಿ ಆಸ್ಪತ್ರೆಯಿಂದ ಕೆಲವೇ ಬ್ಲಾಕ್ ದೂರದಲ್ಲಿ 18 ವರ್ಷದ ಹುಡುಗನಿಗೆ ಗುಂಡು ಬಿತ್ತು. ಅವನನ್ನು ಅಲ್ಲಿಗೆ ಒಯ್ಯಲಿಲ್ಲ. ಡೌನ್‌ಟೌನ್‌ನ ನಾರ್ತ್‌ವೆಸ್ಟರ್ನ್ ಆಸ್ಪತ್ರೆಗೆ ಒಯ್ದರು, ಅಲ್ಲಿ ಸತ್ತ. ಸೌತ್ ಸೈಡ್‌ನ, ಅಂದರೆ ಶಿಕಾಗೋದ ಈ ದಕ್ಷಿಣ ಭಾಗದ, ಹುಡುಗ ಹುಡುಗಿಯರು ವರ್ಷಗಟ್ಟಲೆ ಬೀದಿಗಿಳಿದರು. ಪ್ರತಿಭಟನೆ ಮಾಡಿದವರನ್ನು ಬಂಧಿಸಿದವರಲ್ಲಿ ಇದೇ ಯೂನಿವರ್ಸಿಟಿ ಪೊಲೀಸರೂ ಇದ್ದರು. ಕೊನೆಗೆ 2018ರ ಮೇ 1ರಂದು ಟ್ರಾಮಾ ಸೆಂಟರ್ ತೆರೆಯಿತು.

ಗಸ್ತಿನ ಗಡಿ 64ನೇ ಬೀದಿಗೆ ನಿಲ್ಲುತ್ತದೆ. ನಮ್ಮ ಆಂಬ್ಯುಲೆನ್ಸಿಗೆ ಆ ಗಡಿ ಇಲ್ಲ. 79ನೇ ಬೀದಿಯವನೂ ಬರುತ್ತಾನೆ, ಹೈಡ್ ಪಾರ್ಕ್‌ನ ಪ್ರೊಫೆಸರೂ ಬರುತ್ತಾರೆ. ಸುತ್ತಲಿನ ಏರಿಯಾ ಸೇಫ್ ಆಗೋಕೆ ಯೂನಿವರ್ಸಿಟಿ ಮಾಡಿದ್ದರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ನಾನು ಇದನ್ನೇ ಹೇಳೋದು. ಡ್ಯೂಟಿಗೆ ಹೊತ್ತಾಯ್ತು, ಬರುತ್ತೇನೆ.

53ನೇ ಬೀದಿ

ಮೇಡಂ, ಇದನ್ನು ನಾನೇ ಬರೆಯಬೇಕಿತ್ತು. ಥ್ಯಾಂಕ್ಸ್.

ಬಾಲ್ಟಿಮೋರ್ ಬಸ್ಸು

ಹೊಸದಾಗಿ ಪೊಲೀಸ್ ಶುರು ಮಾಡೋದು ಎಷ್ಟು ಕಷ್ಟ ಅನ್ನೋದಕ್ಕೆ ನಮ್ಮ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಯೂನಿವರ್ಸಿಟಿ ನೋಡಿ. 2019ರಲ್ಲಿ ಮೇರಿಲ್ಯಾಂಡ್ ಶಾಸನಸಭೆ 100 ಪೊಲೀಸರವರೆಗೆ ಇಟ್ಟುಕೊಳ್ಳಿ ಅಂತ ಕಾನೂನು ಮಾಡಿತು. ವಿದ್ಯಾರ್ಥಿಗಳು ಗಾರ್ಲೆಂಡ್ ಹಾಲ್ ಅನ್ನೋ ಆಡಳಿತ ಕಟ್ಟಡ ಹಿಡಿದುಕೊಂಡು ತಿಂಗಳ ಮೇಲೆ ಕೂತರು. ಕೊನೆಗೆ ಪೊಲೀಸರು ಬಂದು ಎಬ್ಬಿಸಿದರು. 2020ರಲ್ಲಿ ಯೂನಿವರ್ಸಿಟಿಯವರೇ ಎರಡು ವರ್ಷ ತಡೆಯೋಣ ಅಂದರು. 2022ರ ಡಿಸೆಂಬರ್‌ನಲ್ಲಿ ಊರಿನ ಪೊಲೀಸರ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು.

ಶಿಕಾಗೋದವರ ಕಷ್ಟ ನೋಡಿಯೇ ಏನೋ, ಇಲ್ಲಿ ಕಾನೂನಿನಲ್ಲೇ ಕೆಲವು ಕಡಿವಾಣ ಹಾಕಿದ್ದಾರೆ. ಕ್ಯಾಮೆರಾ ಕಡ್ಡಾಯ, ಊರಿನವರೂ ಇರುವ ಒಂದು ಹೊಣೆಗಾರಿಕೆ ಮಂಡಳಿ. ಮಂಡಳಿ ಸಲಹೆ ಕೊಡಬಹುದು, ಶಿಕ್ಷೆ ಕೊಡೋಕಾಗಲ್ಲ. ಹಲ್ಲಿಲ್ಲದ ಹುಲಿ ಅಂತ ಇಲ್ಲಿನವರ ದೂರು. ಇಲ್ಲದೇ ಇರೋದಕ್ಕಿಂತ ವಾಸಿ ಅಂತ ನನ್ನ ಅಭಿಪ್ರಾಯ.

ದಾವಣಗೆರೆ ಅಪ್ಪ

ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ವಂದನೆ. ಮಗಳಿಗೂ ಓದಿಸಿದೆ. ಅವಳು ಒಂದು ಪ್ರಶ್ನೆ ಕೇಳಿದಳು. ಯೂನಿವರ್ಸಿಟಿಗಳು ವರ್ಷಾ ವರ್ಷ ಅಪರಾಧದ ವರದಿ ಹಾಕುತ್ತವಂತಲ್ಲ, ಅದನ್ನು ನೋಡಿ ಮನೆ ಆರಿಸಿಕೊಂಡರೆ ಸಾಲದಾ ಅಂತ.

ಲೆಕ್ಕದ ಮೇಷ್ಟ್ರು

ಸಾಲದು. ಆ ವರದಿ 1990ರ ಕ್ಲೆರಿ ಕಾಯ್ದೆಯಿಂದ ಬಂದದ್ದು. ಅಕ್ಟೋಬರ್ 1ರ ಒಳಗೆ ಹಾಕಲೇಬೇಕು. ಅದು ಎಣಿಸೋದು ಕ್ಯಾಂಪಸ್, ಹಾಸ್ಟೆಲ್, ಯೂನಿವರ್ಸಿಟಿಯದೇ ಆದ ಬೇರೆ ಕಟ್ಟಡ, ಮತ್ತೆ ಕ್ಯಾಂಪಸ್‌ಗೆ ಅಂಟಿಕೊಂಡ ರಸ್ತೆ, ಫುಟ್‌ಪಾತ್. ನಿಮ್ಮ ಮಗಳು ಖಾಸಗಿಯವರ ಹತ್ತಿರ ಬಾಡಿಗೆಗೆ ಹಿಡಿಯುವ ಮನೆ ಅದರಲ್ಲಿ ಬರಲ್ಲ. ಪೊಲೀಸ್ ಗಸ್ತು ಅಲ್ಲಿದ್ದರೂ ಬರಲ್ಲ. ಕ್ಯಾಂಪಸ್‌ನಿಂದ ನಾಲ್ಕು ಬ್ಲಾಕ್ ಆಚೆ ದರೋಡೆ ಆದರೆ ಆ ವರದಿಯಲ್ಲಿ ಸೊನ್ನೆ.

ಹಾಗಾಗಿ ಎರಡು ಕಡೆ ನೋಡಲಿ. ಒಂದು, ಶಿಕಾಗೋ ನಗರದ ಡೇಟಾ ಪೋರ್ಟಲ್. ಅಲ್ಲಿ 2001ರಿಂದ ಈಚೆಗೆ ದಾಖಲಾದ ಅಪರಾಧ ಬ್ಲಾಕ್ ಲೆಕ್ಕದಲ್ಲಿ ಸಿಗುತ್ತದೆ. ಮನೆ ವಿಳಾಸದ ಸುತ್ತ, ರಾತ್ರಿ ಹೊತ್ತಿನದು ಬೇರೆ ಮಾಡಿ ನೋಡಬೇಕು. ಎರಡು, ಯೂನಿವರ್ಸಿಟಿ ಪೊಲೀಸರ ದಿನದ ಲಾಗ್. ಕ್ಲೆರಿ ಕಾಯ್ದೆ ಪ್ರಕಾರ ಕಳೆದ 60 ದಿನದ್ದು ಯಾರು ಕೇಳಿದರೂ ತೋರಿಸಬೇಕು. ಇದರಲ್ಲಿ ಗಸ್ತಿನ ಗಡಿಯೊಳಗಿನದೂ ಬರುತ್ತದೆ, ವಾರ್ಷಿಕ ವರದಿಯ ಹಾಗೆ ಕ್ಯಾಂಪಸ್ಸಿಗೇ ನಿಲ್ಲಲ್ಲ.

53ನೇ ಬೀದಿ

ಅದರ ಜೊತೆಗೆ ಒಂದು. 171, 172ನೇ ನಂಬರ್ ಬಸ್ಸು ಯೂನಿವರ್ಸಿಟಿ ಐಡಿ ತೋರಿಸಿದರೆ ಉಚಿತ. ರಾತ್ರಿ ಯೂನಿವರ್ಸಿಟಿ ಶಟಲ್ ಬೇರೆ ಇದೆ. ಮನೆ ನೋಡುವಾಗ ಅವು ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ಕೇಳಲಿ. ಮನೆ ಓನರ್ ‘ಹತ್ತಿರ’ ಅಂದರೆ ನಂಬಬೇಡಿ, ನವೆಂಬರ್ ಬಂದರೆ ಐದು ಗಂಟೆಗೆಲ್ಲ ಕತ್ತಲು. ಮಗಳಿಗೆ ಬೇಕಿದ್ದರೆ ನನಗೆ ಮೆಸೇಜ್ ಮಾಡಲಿ, ಆ 54ನೇ ಬೀದಿ ಮನೆಯನ್ನು ನಾನೇ ಸಂಜೆ ಹೊತ್ತು ಹೋಗಿ ನೋಡಿ ವಿಡಿಯೋ ಕಳಿಸುತ್ತೇನೆ.

ಸುಮ್ನೆ ಓದುಗ

ಹಿಂದಿನ ಬಾಗಿಲಿನ ಬೀಗವನ್ನೂ ವಿಡಿಯೋ ಮಾಡಿ. ಶಿಕಾಗೋದ ಹಳೇ ಕಟ್ಟಡಗಳಲ್ಲಿ ಹಿಂದೆ ಮರದ ಮೆಟ್ಟಿಲು, ಅದರ ಕೆಳಗೆ ಗಲ್ಲಿ. ಗಸ್ತಿನ ಗಾಡಿ ಮುಂದಿನ ರಸ್ತೆಯಲ್ಲಿ ಹೋಗುತ್ತದೆ.